ಉಬ್ಬರದ ಹೊತ್ತು ಕೇಳಿ ಬನ್ನಿ

ಕಡಲಿನಿಂದ ಸೂರ್ಯ ಏಳುವುದು ಯಾವ ಕೋಣೆಯಿಂದ ಕಾಣುತ್ತದೆ ಎಂದು ಕೇಳುವವರು ಈಗಲೂ ಬರುತ್ತಾರಂತೆ. ನಮ್ಮ ಬೇಲಿಯಾಚೆಯ ಅಕ್ಕನ ಮಗ ಕುಂದಾಪುರದ ಕಡೆ ಒಂದು ಬೀಚ್ ರೆಸಾರ್ಟಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಾನೆ. ರಾತ್ರಿ ಪಾಳಿ ಮುಗಿಸಿ ಬಂದು ಅವನು ಅಮ್ಮನ ಹತ್ತಿರ ಹೇಳಿದ್ದೆಲ್ಲ ಬಟ್ಟೆ ಒಣಹಾಕುವ ಹೊತ್ತಿಗೆ ದಾಸವಾಳದ ಬೇಲಿ ದಾಟಿ ನನ್ನ ಕಿವಿಗೆ ಬೀಳುತ್ತದೆ.

"ಚೆನ್ನೈಯವ್ರು ಬಂದಿದ್ರಂತೆ ಮಾರಾಯ್ರೆ. ಸನ್‌ರೈಸ್ ಕಾಣುವ ರೂಮೇ ಬೇಕು ಅಂತ ಹಟ. ಇಲ್ಲಿ ಸೂರ್ಯ ಕೊಡಚಾದ್ರಿ ಬದಿಯಿಂದ ಬರೂದು ಅಂತ ಹೇಳಿ ಹೇಳಿ ಇವ್ನಿಗೆ ಸಾಕಾಯ್ತಂತೆ" ಎಂದು ಅಕ್ಕ ನಕ್ಕರು.

ನನಗೆ ನಗಲಾಗಲಿಲ್ಲ. ಮರೀನಾದಲ್ಲೋ ಪುದುಚೇರಿಯಲ್ಲೋ ನೀರಿನಿಂದಲೇ ಸೂರ್ಯ ಏಳುವುದನ್ನು ಕಂಡು ಬೆಳೆದವರು ಇಲ್ಲಿಯೂ ಹಾಗೆಯೇ ಎಂದುಕೊಂಡು ಬಂದರೆ ಅದರಲ್ಲಿ ದಡ್ಡತನವೇನೂ ಇಲ್ಲ. ಪಡುವಣ ಕಡಲಲ್ಲಿ ನಮಗೆ ದಕ್ಕುವುದು ಸಂಜೆ. ಆ ಮಾತನ್ನು ಕೋಣೆ ಕಾದಿರಿಸುವ ಹೊತ್ತಿಗೇ ಅವರಿಗೆ ಯಾರಾದರೂ ಹೇಳಬೇಕಿತ್ತು.

ಸಂಜೆಯ ಸೂರ್ಯನೂ ವರ್ಷವಿಡೀ ಒಂದೇ ಜಾಗದಲ್ಲಿ ಮುಳುಗುವುದಿಲ್ಲ. ಡಿಸೆಂಬರಿನಲ್ಲಿ ತೆಂಕಣಕ್ಕೆ ಸರಿದು ಮುಳುಗುತ್ತಾನೆ, ಜೂನಿನಲ್ಲಿ ಬಡಗಣಕ್ಕೆ. ನವೆಂಬರಿನ ಕೊನೆಯಲ್ಲಿ ಆರು ಗಂಟೆಗೇ ಮುಗಿಯುವ ಹಗಲು ಜುಲೈಯಲ್ಲಿ ಏಳರವರೆಗೆ ಎಳೆಯುತ್ತದೆ, ಮೋಡ ಬಿಟ್ಟುಕೊಟ್ಟರೆ. ಹೋದ ಡಿಸೆಂಬರಿನಲ್ಲಿ ಬಾಲ್ಕನಿಯ ನಟ್ಟನಡುವೆ ಸೂರ್ಯ ಮುಳುಗಿದ್ದನ್ನು ನೋಡಿದವರು ಮೇ ತಿಂಗಳಲ್ಲಿ ಅದೇ ಕೋಣೆ ಪಡೆದು, ಸೂರ್ಯ ಪಕ್ಕದ ಕಟ್ಟಡದ ಹಿಂದೆ ಹೋದ ಎಂದು ಜಗಳಕ್ಕೆ ನಿಂತರಂತೆ. ಕೋಣೆಯೂ ಅದೇ, ಬಾಡಿಗೆಯೂ ಅದೇ. ಸೂರ್ಯ ಮಾತ್ರ ಸರಿದಿದ್ದ.

ಅಕ್ಕ ತರುವ ಸುದ್ದಿಗಳಲ್ಲಿ ನಾನು ಗಮನಿಸಿದ್ದು ಇದನ್ನೇ. ಮರಳು ಎಲ್ಲಿ ಹೋಯಿತು, ತಾಜಾ ಮೀನು ಯಾಕಿಲ್ಲ, ನೀರಿಗಿಳಿಯಲು ಯಾಕೆ ಬಿಡುವುದಿಲ್ಲ, ಒಗೆದ ಬಟ್ಟೆ ಎರಡು ದಿನವಾದರೂ ಯಾಕೆ ಒಣಗಲಿಲ್ಲ, ಬಾಗಿಲ ಚಿಲಕಕ್ಕೆ ಯಾಕೆ ತುಕ್ಕು. ಇವೆಲ್ಲ ರೆಸಾರ್ಟಿನ ಮೇಲೆ ಹೊರಿಸಿದ ದೂರುಗಳು. ಆದರೆ ಬಹುಪಾಲು ಕಡಲಿಗೆ ಸಂಬಂಧಿಸಿದವು. ಉತ್ತರ ನಮ್ಮೂರಿನ ಮೀನುಗಾರರ ಮನೆಯ ಮಕ್ಕಳಿಗೂ ಗೊತ್ತು. ದುಡ್ಡು ಕೊಟ್ಟು, ರಜೆ ಹಾಕಿ, ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದವರಿಗೆ ಮಾತ್ರ ಯಾರೂ ಹೇಳುವುದಿಲ್ಲ. ಕೌಂಟರಿನಲ್ಲಿ ಬೀಗದಕೈ ಕೊಡುವಾಗ ತಿಂಡಿ ಎಷ್ಟರಿಂದ ಎಷ್ಟರವರೆಗೆ, ಕೋಣೆ ಯಾವಾಗ ಖಾಲಿ ಮಾಡಬೇಕು, ವೈಫೈ ಪಾಸ್‌ವರ್ಡ್ ಏನು ಎಂಬುದನ್ನೆಲ್ಲ ಹೇಳುತ್ತಾರೆ. ಈವತ್ತು ಉಬ್ಬರ ಎಷ್ಟು ಗಂಟೆಗೆ, ಇಳಿತ ಯಾವಾಗ ಎಂದು ಬರೆದ ಹಲಗೆ ನಾನು ನೋಡಿದ ದೊಡ್ಡ ರೆಸಾರ್ಟುಗಳಲ್ಲಿ ಒಂದರಲ್ಲೂ ಇಲ್ಲ. ಕಡಲನ್ನು ತೋರಿಸುತ್ತೇವೆಂದು ಕರೆದು, ಕಡಲಿನ ಹೊತ್ತು ಹೇಳದೆ ಇರುವುದು ನನಗೆ ನಿಜವಾಗಿ ಬೇಸರದ ಸಂಗತಿ.

ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಈವತ್ತು ಏರಿದ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ದೊಡ್ಡದು, ಅಷ್ಟಮಿಯ ಹೊತ್ತಿಗೆ ಸಣ್ಣದು. ನಮ್ಮ ಕಡೆ ಹುಣ್ಣಿಮೆ ಅಮಾವಾಸ್ಯೆಯಂದು ನೀರು ತುಂಬುವುದು ನಡುಹಗಲಿನ ಸುಮಾರಿಗೆ. ಹಾಗಾಗಿ ಸಂಜೆಗೆ ನೀರು ಹಿಂದೆ ಸರಿದು ಅಗಲವಾದ ಒದ್ದೆ ಮರಳು ಬಿಟ್ಟಿರುತ್ತದೆ. ಹುಣ್ಣಿಮೆಯಾದರೆ ಪಡುವಣದಲ್ಲಿ ಸೂರ್ಯ ಇಳಿಯುವಾಗ ಬೆನ್ನ ಹಿಂದೆ ತೆಂಗಿನ ತೋಟದ ಮೇಲೆ ಚಂದ್ರ ಏರುತ್ತಿರುತ್ತಾನೆ. ಹುಣ್ಣಿಮೆಯ ಸಂಜೆ ತ್ರಾಸಿಯಲ್ಲೋ ಮರವಂತೆಯಲ್ಲೋ ಆ ಗಟ್ಟಿ ಮರಳಿನ ಮೇಲೆ ಒಂದು ಗಂಟೆ ನಡೆದವರಿಗೆ ಬೇರೆ ಮನರಂಜನೆ ಬೇಡ. ಅದೇ ಅಷ್ಟಮಿಯ ಹೊತ್ತಿಗೆ ಬಂದರೆ ಸಂಜೆಗೆ ನೀರು ಮೇಲಿರುತ್ತದೆ, ನಡೆಯಲು ಮೆದು ಮರಳಿನ ಸಣ್ಣ ಪಟ್ಟಿ ಮಾತ್ರ. "ಹೋದ ಸಲ ಇಷ್ಟು ದೊಡ್ಡ ಬೀಚ್ ಇತ್ತು, ಈ ಸಲ ಇಷ್ಟೇ" ಎಂದು ಬೇಸರ ಮಾಡಿಕೊಂಡು ಹೋದ ಹುಬ್ಬಳ್ಳಿಯ ಕುಟುಂಬದ ಕತೆ ಅಕ್ಕ ಹೇಳಿದಾಗ ನಾನು ಮೊದಲು ಕೇಳಿದ್ದು, ಅವರು ಬಂದ ದಿನ ತಿಥಿ ಯಾವುದು ಎಂದು.

"ನಮ್ಮ ಅಜ್ಜಯ್ಯ ಪಂಚಾಂಗ ಕಾಣದೆ ದೋಣಿ ಇಳಿಸ್ತಿರ್ಲಿಲ್ಲ. ಈಗ ಫೋನಲ್ಲೇ ಬರ್ತದಂತಲ್ಲ ಅದೆಲ್ಲ" ಎಂದರು ಅಕ್ಕ.

ಬರುತ್ತದೆ. ಬೇಕೆಂದವರು ಅರ್ಧ ನಿಮಿಷದಲ್ಲಿ ನೋಡಿಕೊಳ್ಳಬಹುದು. ನೋಡಬೇಕೆಂಬುದೇ ಬಯಲುಸೀಮೆಯಿಂದ ಬಂದವರಿಗೆ ಹೊಳೆಯುವುದಿಲ್ಲ, ಅಷ್ಟೇ. ಕೆರೆ, ನಾಲೆ, ಜಲಾಶಯಗಳಲ್ಲಿ ನೀರು ಹೊತ್ತಿಗೊಮ್ಮೆ ಬಂದು ಹೋಗುವುದಿಲ್ಲವಲ್ಲ.

ಮಳೆಗಾಲದ ಮಾತು ಬೇರೆಯೇ. ರೆಸಾರ್ಟಿನ ಚಿತ್ರಗಳಲ್ಲಿ ಕಾಣುವ ಅಗಲ ಮರಳು, ನೀಲಿ ನೀರು ಎಲ್ಲ ನವೆಂಬರಿನಿಂದ ಮಾರ್ಚಿನವರೆಗಿನದು. ಜೂನ್ ಬಂತೆಂದರೆ ಅಲೆಗಳು ದಡದ ಮರಳನ್ನು ಎಳೆದು ಕಡಲೊಳಗೆ ದಿಬ್ಬ ಕಟ್ಟುತ್ತವೆ, ಹೊಳೆಗಳು ಘಟ್ಟದ ಕೆಮ್ಮಣ್ಣು ತಂದು ಸುರಿಯುತ್ತವೆ. ನೀರು ಕಂದು, ದಡ ಕಿರಿದು. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ಸ್ವಲ್ಪ ಸ್ವಲ್ಪವಾಗಿ ಹೊತ್ತು ತಂದು ಮತ್ತೆ ದಡಕ್ಕೆ ಹಾಕುತ್ತವೆ. ಜುಲೈಯಲ್ಲಿ ಅರ್ಧ ಬಾಡಿಗೆಗೆ ಕೋಣೆ ಸಿಕ್ಕಿತೆಂದು ಬಂದವರು ಚಿತ್ರದ ಕಡಲನ್ನು ಹುಡುಕಿದರೆ ಸಿಗುವುದಿಲ್ಲ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಯೂ ಆಗ ನಿಂತಿರುತ್ತದೆ. ಲಾವಾ ತಣ್ಣಗಾಗಿ ಕಂಬಗಳಾಗಿ ನಿಂತ ಆ ಕಲ್ಲುಗಳನ್ನು ನೋಡಬೇಕೆಂದು ಬೀದರಿನಿಂದ ಬಂದ ಮೇಷ್ಟ್ರೊಬ್ಬರು ಮಲ್ಪೆಯ ಜೆಟ್ಟಿಯಲ್ಲಿ ನಿಂತು ಮಳೆಯಲ್ಲಿ ನೆನೆದು ಹಿಂತಿರುಗಿದ್ದರು. ರೆಸಾರ್ಟಿನವರ ಒಂದು ಫೋನ್ ಕರೆ ಸಾಕಿತ್ತು ಅವರ ದಿನ ಉಳಿಸಲು.

ಆದರೆ ನನ್ನ ಕೇಳಿದರೆ ನಾನು ಮಳೆಗಾಲಕ್ಕೇ ಬನ್ನಿ ಎನ್ನುತ್ತೇನೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುರಿಯುವ 4000 ಮಿ.ಮೀ. ಆಸುಪಾಸಿನ ಮಳೆಯಲ್ಲಿ ಹೆಚ್ಚಿನದೆಲ್ಲ ಆ ನಾಲ್ಕು ತಿಂಗಳಿನದು. ಜಗಲಿಯಲ್ಲಿ ಕೂತು, ಕಡಲಿನ ಮೇಲಿಂದ ಮಳೆ ನಡೆದು ಬರುವುದನ್ನು ನೋಡಬೇಕು. ಮೊದಲು ದಿಗಂತ ಅಳಿಸಿಹೋಗುತ್ತದೆ, ಆಮೇಲೆ ದೂರದ ಅಲೆ, ಆಮೇಲೆ ಹತ್ತಿರದ ಗಾಳಿಮರಗಳು. ಹಂಚಿನ ಮೇಲೆ ಸದ್ದು ಬಿದ್ದಾಗ ಮಳೆ ನಿಮ್ಮಲ್ಲಿಗೆ ಬಂತೆಂದು ಲೆಕ್ಕ. ಇದನ್ನು ನೋಡುವುದಕ್ಕೆಂದೇ ಬಂದವರು ಒಂದು ದೂರೂ ಹೇಳದೆ ಹೋಗಿದ್ದಾರೆ ಎಂದು ಅಕ್ಕನ ಮಗನೇ ಹೇಳಿದ್ದಾನೆ.

ಮೀನಿನ ವಿಷಯ ಬಂದರೆ ಅಕ್ಕನಿಗೂ ನನಗೂ ಮಾತು ಮುಗಿಯುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಟ್ಟು ಮರಿಯಾಗುವ ಕಾಲ. ನಾಡದೋಣಿಯವರು ಕಡಲು ಬಿಟ್ಟಷ್ಟು ದಿನ ಹೋಗಿ ತಂದದ್ದೇ ತಾಜಾ ಮೀನು, ಅದು ಊರಿಗೇ ಸಾಲದು. ಆಗ ರೆಸಾರ್ಟಿನ ಬಫೆಯಲ್ಲಿ 'ಫಿಶ್ ಫಿಂಗರ್' ಎಂದು ಸಿಗುವುದು ಹೆಚ್ಚಾಗಿ ವಿಯೆಟ್ನಾಮಿನಿಂದ ಹೆಪ್ಪುಗಟ್ಟಿ ಬಂದ ಬಾಸಾ. ಬಂಗುಡೆ, ಬೂತಾಯಿ, ಕಾಣೆ, ಅಂಜಲ್ ಹಿಡಿಯುವ ದಡದಲ್ಲಿ ಕುಳಿತು ಮೆಕಾಂಗ್ ಹೊಳೆಯ ಮೀನು ತಿನ್ನುವುದು ಯಾಕೆ? ಅತಿಥಿಗೆ ನೇರವಾಗಿ ಹೇಳಿಬಿಡಬೇಕು, ಈಗ ಮೀನಿಗೆ ರಜೆ, ಈ ಎರಡು ತಿಂಗಳು ನಾವೇನು ಉಣ್ಣುತ್ತೇವೋ ಅದನ್ನೇ ನಿಮಗೂ ಬಡಿಸುತ್ತೇವೆ ಎಂದು.

ಉಣ್ಣುವುದೇನು ಕಡಿಮೆಯೇ! ಕೆಸುವಿನ ಎಲೆಯ ಪತ್ರೊಡೆ, ಹಲಸಿನ ಎಲೆಯ ಕೊಟ್ಟೆ ಕಡುಬು, ಕಳಲೆ ಪಲ್ಯ, ಹಲಸಿನ ಬೀಜ ಹಾಕಿದ ಸೌತೆಕಾಯಿ ಹುಳಿ, ಬೇಸಿಗೆಯಲ್ಲಿ ಒಣಗಿಸಿಟ್ಟ ಸಿಗಡಿಯ ಚಟ್ನಿ, ಕುಚ್ಚಲಕ್ಕಿ ಗಂಜಿಗೆ ಮಾವಿನ ಮಿಡಿ. ಮಳೆ ಹೊಡೆಯುತ್ತಿರುವಾಗ ಹಲಸಿನ ಹಪ್ಪಳ ಸುಟ್ಟು ತೆಂಗಿನಕಾಯಿ ಚೂರಿನ ಜತೆ ಕೊಟ್ಟರೆ ಬೇಡವೆನ್ನುವ ಅತಿಥಿಯನ್ನು ನಾನು ಕಂಡಿಲ್ಲ. ಅಕ್ಕನ ಮಗ ಒಂದು ದಿನ ತನ್ನ ಬುತ್ತಿಯ ಪತ್ರೊಡೆಯನ್ನು ರಾತ್ರಿ ತಡವಾಗಿ ಬಂದ ವಯಸ್ಸಾದ ದಂಪತಿಗೆ ಕೊಟ್ಟನಂತೆ, ಅಡುಗೆಮನೆ ಮುಚ್ಚಿತ್ತೆಂದು. ಮಾರನೆಯ ದಿನ ಅವರು ಬಫೆ ಬಿಟ್ಟು ಅಕ್ಕನ ಮನೆ ಎಲ್ಲಿ ಎಂದು ಕೇಳಿಕೊಂಡು ಬಂದರು. ಬೇಲಿಯ ಈಚೆಯಿಂದ ನಾನೂ ಮಾತಾಡಿಸಿದೆ. ದಾವಣಗೆರೆಯವರು. ಎಲೆ ತುರಿಸದ ಹಾಗೆ ಹುಣಸೆ ಎಷ್ಟು ಹಾಕಬೇಕು ಎಂದು ಆ ಅಮ್ಮ ಚೀಟಿಯಲ್ಲಿ ಬರೆದುಕೊಂಡರು. ರೆಸಾರ್ಟಿನ ಮೆನುವಿನಲ್ಲಿ ಈಗಲೂ ಪತ್ರೊಡೆ ಇಲ್ಲ. ಕುಂದಾಪುರದಲ್ಲೇ ಹುಟ್ಟಿದ ಕೋಳಿ ಘೀ ರೋಸ್ಟ್ ಮಾತ್ರ ಉಂಟು, ಅದೂ ಖಾರ ಕಡಿಮೆ ಮಾಡಿ.

ಇಷ್ಟೆಲ್ಲ ಊಟ, ನೋಟದ ಮಾತಾಯಿತು. ಈಜಲು ಬಿಡುವುದಿಲ್ಲವೆಂಬ ದೂರು ಬಂದಾಗ ಮಾತ್ರ ನಾನು ದನಿ ಏರಿಸಿ ಮಾತಾಡುತ್ತೇನೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಕಡಲುಪಾಲಾದರು. ಅದಕ್ಕೆ ಒಂದು ತಿಂಗಳು ಹಿಂದೆ ಉಳ್ಳಾಲದ ಬಳಿಯ ರೆಸಾರ್ಟಿನ ಈಜುಕೊಳದಲ್ಲೇ ಮೈಸೂರಿನ ಮೂವರು ಯುವತಿಯರು ಮುಳುಗಿ ತೀರಿಕೊಂಡರು. ರಜೆಗೆಂದು ಬಂದ ಮಕ್ಕಳು. ಆ ಸುದ್ದಿಗಳು ಬಂದ ದಿನ ಅಕ್ಕನೂ ನಾನೂ ಬೇಲಿಯ ಹತ್ತಿರ ನಿಂತರೂ ಮಾತು ಹೊರಡಲಿಲ್ಲ.

ಕಡಲಿನಲ್ಲಿ ಜೀವ ತೆಗೆಯುವುದು ಸಾಮಾನ್ಯವಾಗಿ ದೊಡ್ಡ ಅಲೆಯಲ್ಲ, ಸೆಳೆತ. ಅಲೆಗಳು ದಡಕ್ಕೆ ತಂದು ಒಟ್ಟಿದ ನೀರು ಹಿಂದೆ ಹೋಗಲೇಬೇಕು. ಮರಳಿನ ದಿಬ್ಬಗಳ ನಡುವೆ ಎಲ್ಲಿ ಆಳದ ಕಿರುದಾರಿ ಉಂಟೋ ಅಲ್ಲಿಂದ ಅದು ಜೋರಾಗಿ ಹೊರಗೆ ಓಡುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದಿಲ್ಲ, ನೊರೆ ಕಾಣುವುದಿಲ್ಲ, ನೀರು ಶಾಂತವಾಗಿ ಕಾಣುತ್ತದೆ. ಗೊತ್ತಿಲ್ಲದವರು ಮಕ್ಕಳ ಕೈಹಿಡಿದು ಇಳಿಯಲು ಆರಿಸುವುದು ಅದೇ ಶಾಂತವಾದ ಜಾಗವನ್ನು. ಸಿಕ್ಕಿಬಿದ್ದರೆ ದಡದ ಕಡೆಗೆ ನೇರ ಈಜಲು ಹೋಗಬಾರದು, ನೀರಿನ ಓಟಕ್ಕೆ ಎದುರಾಗಿ ಈಜಿ ಎಂಥ ಬಲಶಾಲಿಯೂ ಸೋಲುತ್ತಾನೆ. ಗಾಬರಿಯಾಗದೆ ತೇಲಿಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು, ಅಲೆ ಒಡೆಯುವ ಕಡೆಯಿಂದ ದಡ ಸೇರಬೇಕು. ಈಜಲಾಗದಿದ್ದರೆ ತೇಲಿಕೊಂಡೇ ಕೈ ಎತ್ತಿ ಕೂಗಬೇಕು. ಈ ನಾಲ್ಕು ಮಾತು ಹೇಳಲು ಕೌಂಟರಿನಲ್ಲಿ ಒಂದು ನಿಮಿಷ ಸಾಕು. ಹೇಳದೆ ಬಿಟ್ಟರೆ, ದಡದಲ್ಲಿ ಕೆಂಪು ಬಾವುಟ ನೆಟ್ಟ ಜೀವರಕ್ಷಕನನ್ನು ರಜೆ ಹಾಳುಮಾಡಲು ನಿಂತವನೆಂದು ಅತಿಥಿ ತಿಳಿಯುತ್ತಾನೆ, ಬೈದು ನೀರಿಗಿಳಿಯುತ್ತಾನೆ.

"ನಮ್ಮವ ಹೇಳ್ಬಹುದಿತ್ತಲ್ಲ?" ಎಂದು ಅಕ್ಕನನ್ನು ಕೇಳಿದೆ.

"ಹೇಳ್ತಾನೆ. ಆದ್ರೆ ಇವ್ನ ಪಾಳಿ ಮುಗಿದ ಮೇಲೆ ಎಂತ ಮಾಡೂದು? ಅಲ್ಲಿ ಇರೂದು ಅಸ್ಸಾಮಿನ ಮಕ್ಕಳು, ನೇಪಾಳದ ಮಕ್ಕಳು. ಪಾಪ, ಅವ್ರೇ ಕಡಲು ಕಂಡದ್ದು ಇಲ್ಲಿಗೆ ಬಂದ ಮೇಲೆ."

ಅದು ನಿಜ. ಆ ಹುಡುಗರು ನಗುನಗುತ್ತಾ ಸೂಟ್‌ಕೇಸ್ ಹೊರುತ್ತಾರೆ, ಕೇಳಿದ್ದು ತಂದುಕೊಡುತ್ತಾರೆ, ಅವರ ಮೇಲೆ ನನಗೆ ಒಂದು ಮಾತೂ ಇಲ್ಲ. ಕೆಲಸಕ್ಕೆ ಸೇರಿಸಿಕೊಂಡ ಯಜಮಾನರು ಅವರನ್ನು ಮೊದಲ ವಾರ ಊರಿನ ಮೀನುಗಾರರೊಬ್ಬರ ಜತೆ ದಡದಲ್ಲಿ ನಡೆಸಬೇಕು. ಯಾವ ತಿಂಗಳು ಎಲ್ಲಿ ಸೆಳೆತ, ಯಾವ ಬಂಡೆ ಪಾಚಿಗಟ್ಟಿ ಜಾರುತ್ತದೆ, ಯಾವ ಅಳಿವೆ ಬಾಗಿಲ ಹತ್ತಿರ ಕಾಲೂ ಇಡಬಾರದು ಎಂಬುದೆಲ್ಲ ಮೀನುಗಾರರ ಬಾಯಲ್ಲಿ ಉಂಟು. ಆ ತಿಳಿವಳಿಕೆಗೆ ಸಂಬಳ ಕೊಟ್ಟು ಕರೆಯುವುದು ಈಜುಕೊಳಕ್ಕೆ ಟೈಲ್ಸ್ ಹಾಕಿಸುವುದಕ್ಕಿಂತ ಮುಖ್ಯ.

2020ರಲ್ಲಿ ಹೊನ್ನಾವರದ ಕಾಸರಕೋಡು, ಉಡುಪಿಯ ಪಡುಬಿದ್ರಿ ಎರಡೂ ಕಡಲತೀರಗಳಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಡೆನ್ಮಾರ್ಕಿನ ಸಂಸ್ಥೆ ಕೊಡುವ ಆ ಬಾವುಟಕ್ಕೆ ನೀರಿನ ಶುದ್ಧತೆಯಿಂದ ಹಿಡಿದು ಜೀವರಕ್ಷಕರವರೆಗೆ 33 ನಿಯಮಗಳು. ಅಲ್ಲಿ ಈಜಲು ಗುರುತು ಹಾಕಿದ ಜಾಗ ಉಂಟು, ಕಾವಲು ಉಂಟು. ಸರ್ಕಾರಿ ದಡದಲ್ಲಿ ಆಗುವುದು ಸಾವಿರಾರು ರೂಪಾಯಿ ಬಾಡಿಗೆ ಪಡೆಯುವವರ ದಡದಲ್ಲಿ ಆಗದಿರಲು ಕಾರಣವಿಲ್ಲ.

ರಾತ್ರಿಯ ದೀಪಗಳ ಮಾತನ್ನೂ ಹೇಳಿಬಿಡುತ್ತೇನೆ. ಚಳಿಗಾಲದಲ್ಲಿ ಆಲಿವ್ ರಿಡ್ಲೆ ಆಮೆಗಳು ನಮ್ಮ ಕರಾವಳಿಯ ಮರಳಿಗೆ ಬಂದು ಮೊಟ್ಟೆಯಿಡುತ್ತವೆ. ಒಂದೂವರೆ ಎರಡು ತಿಂಗಳಿಗೆ ಮರಿ ಹೊರಬಂದು, ಬೆಳಕು ಹೆಚ್ಚಿರುವ ಕಡೆಗೆ ಹೊರಡುತ್ತದೆ. ಕತ್ತಲೆಯ ದಡದಲ್ಲಿ ಹೆಚ್ಚು ಬೆಳಕಿರುವುದು ನೀರಿನ ಮೇಲೆ. ರೆಸಾರ್ಟಿನ ಫ್ಲಡ್‌ಲೈಟ್ ಉರಿಯುತ್ತಿದ್ದರೆ ಮರಿಗಳು ಕಡಲಿಗೆ ಬೆನ್ನುಹಾಕಿ ಹುಲ್ಲುಹಾಸಿನ ಕಡೆಗೆ ತೆವಳುತ್ತವೆ, ಬೆಳಗಾಗುವಷ್ಟರಲ್ಲಿ ನಾಯಿ ಕಾಗೆಗಳ ಪಾಲಾಗುತ್ತವೆ. ಅರಣ್ಯ ಇಲಾಖೆಯವರು ಗೂಡಿಗೆ ಬಲೆ ಕಟ್ಟಿ ಕಾಯುವ ಕಡೆ ಅತಿಥಿಗಳನ್ನು ದೂರದಲ್ಲಿ ನಿಲ್ಲಿಸಿ, ಮರಿ ನೀರಿಗೆ ಹೋಗುವುದನ್ನು ತೋರಿಸಿದ್ದುಂಟು. ಅದನ್ನು ನೋಡಿದ ಮಗು ಡಿಜೆ ಹಾಡು ಕೇಳುವುದಿಲ್ಲ. ದೀಪ ಆರಿಸಿದರೆ ಇನ್ನೂ ಒಂದು ಸೌಭಾಗ್ಯ ಸಿಗುವುದುಂಟು. ಮಳೆಗಾಲ ಕಳೆದ ಕೆಲವು ರಾತ್ರಿ, ಅಮಾವಾಸ್ಯೆಯ ಆಸುಪಾಸು, ಒಡೆಯುವ ಅಲೆಯ ಅಂಚು ನೀಲಿಯಾಗಿ ಮಿನುಗುತ್ತದೆ. ನಾಕ್ಟಿಲ್ಯೂಕಾ ಎಂಬ ತೀರ ಸಣ್ಣ ಜೀವಿಯ ಬೆಳಕು ಅದು. ಯಾವ ರೆಸಾರ್ಟೂ ಅದನ್ನು ಬಾಡಿಗೆಯ ಪಟ್ಟಿಯಲ್ಲಿ ಸೇರಿಸಲಾರದು. ದೀಪ ಆರಿಸಿ ಅತಿಥಿಗಳನ್ನು ಎಬ್ಬಿಸಿ ಕರೆಯಬಹುದು.

ಈ ಕರಾವಳಿಗೆ ಬಂದ ಅತಿಥಿಗಳಲ್ಲಿ ನನಗೆ ಅತ್ಯಂತ ಪ್ರಿಯರಾದವರು ರವೀಂದ್ರನಾಥ ಟ್ಯಾಗೋರರು. 1880ರ ದಶಕದ ಮೊದಲಲ್ಲಿ, ಇಪ್ಪತ್ತರ ಹರೆಯದಲ್ಲಿ, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ಉಳಿದಿದ್ದರು. ಬೆಳದಿಂಗಳಲ್ಲಿ ದೋಣಿಯಲ್ಲಿ ಕಾಳಿ ನದಿಯಲ್ಲಿ ಮೇಲಕ್ಕೆ ಹೋಗಿ ಬಂದದ್ದನ್ನು, ಮರಳಿನ ದಡದಲ್ಲಿ ನಡೆದು ಮನೆಗೆ ಮರಳಿದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. 'ಪ್ರಕೃತಿರ್ ಪ್ರತಿಶೋಧ್' ನಾಟಕ ಅಲ್ಲಿಯೇ ಹುಟ್ಟಿತು. ಕಾರವಾರದ ಕಡಲತೀರಕ್ಕೆ ಈಗ ಅವರದೇ ಹೆಸರು. ಅಲ್ಲಿ ಅವರಿಗೆ ಕಡಲಿತ್ತು, ಹೊಳೆಯಿತ್ತು, ತಿಂಗಳ ಬೆಳಕಿತ್ತು, ಯಾವ ಹೊತ್ತಿಗೆ ದೋಣಿ ಹೊರಡಿಸಬೇಕೆಂದು ಬಲ್ಲವರೂ ಜತೆಗಿದ್ದಿರಬೇಕು. ಅತಿಥಿಗೆ ಇದಕ್ಕಿಂತ ಹೆಚ್ಚಿನದು ಬೇಕೇ?

ರೆಸಾರ್ಟುಗಳ ನಿಜವಾದ ತಪ್ಪುಗಳೂ ಉಂಟು, ಅವನ್ನು ನಾನು ಮುಚ್ಚಿಡುವುದಿಲ್ಲ. ಕಡಲು ಕಾಣುವ ಕೋಣೆ ಎಂದು ಹೆಚ್ಚು ಹಣ ಪಡೆದು ತೆಂಗಿನ ಗರಿಗಳ ಸಂದಿಯಲ್ಲಿ ಒಂದು ಚೂರು ನೀಲಿ ತೋರಿಸುವುದು ತಪ್ಪು. ಕೊಳಕು ನೀರನ್ನು ರಾತ್ರಿ ಹೊತ್ತು ಹೊಳೆಗೆ ಬಿಡುವುದು ಅಪರಾಧ. ದೋಣಿ ಎಳೆಯಲು, ಬಲೆ ಒಣಗಿಸಲು ಊರವರು ತಲೆಮಾರುಗಳಿಂದ ಬಳಸಿದ ದಾರಿಗೆ ಬೇಲಿ ಹಾಕುವುದು ಅನ್ಯಾಯ. 1991ರಲ್ಲಿ ಬಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಕಟ್ಟಡಗಳನ್ನು ಉಬ್ಬರದ ಗೆರೆಯಿಂದ ಹಿಂದಿಟ್ಟದ್ದು ಸುಮ್ಮನೆ ಅಲ್ಲ. ಕೋಣೆಯಿಂದ ನೀರಿಗೆ ಇನ್ನೂರು ಹೆಜ್ಜೆ ನಡೆಯಬೇಕಾಯಿತೆಂದು ಬೇಸರಿಸುವ ಅತಿಥಿ ಆ ನಡುವಿನ ಮರಳನ್ನೂ ಅದರ ಮೇಲೆ ಹಬ್ಬಿದ ನೇರಳೆ ಹೂವಿನ ಬಳ್ಳಿಯನ್ನೂ ಒಮ್ಮೆ ಬಗ್ಗಿ ನೋಡಲಿ. ಮಳೆಗಾಲದ ಅಲೆಯಿಂದ ಅವರ ಕೋಣೆಯನ್ನು ಕಾಯುವುದರಲ್ಲಿ ಆ ಬಳ್ಳಿಯ ಪಾಲೂ ಇದೆ.

ಎಲ್ಲ ಸರಿಯಾಗಿ ಮಾಡುವವರೂ ಇದ್ದಾರೆ. ಗೋಕರ್ಣದ ಕಡೆ ನಾನು ಉಳಿದ ಒಂದು ಸಣ್ಣ ಹೋಮ್‌ಸ್ಟೇಯಲ್ಲಿ ಊಟದ ಜಗಲಿಯ ಗೋಡೆಗೆ ಕಪ್ಪು ಹಲಗೆ. ಮನೆಯೊಡತಿ ಬೆಳಿಗ್ಗೆ ಸೀಮೆಸುಣ್ಣದಲ್ಲಿ ತಿಥಿ, ಉಬ್ಬರ ಇಳಿತದ ಹೊತ್ತು, ದೋಣಿಯವರು ತಂದ ಮೀನು, ಈವತ್ತು ನೀರಿಗಿಳಿಯಬಹುದೇ ಬೇಡವೇ ಎಂದು ಬರೆಯುತ್ತಿದ್ದರು. ಕೋಣೆಯಲ್ಲಿ ಎಸಿ ಇರಲಿಲ್ಲ. ಹಗಲು ಕಡಲ ಗಾಳಿ ಯಾವ ಕಿಟಕಿಯಿಂದ ಬರುತ್ತದೆ, ರಾತ್ರಿ ನೆಲದ ಗಾಳಿಗೆ ಯಾವುದನ್ನು ತೆರೆಯಬೇಕು ಎಂದು ಆಕೆಯೇ ತೋರಿಸಿಕೊಟ್ಟರು. ಚೆನ್ನಾಗಿ ನಿದ್ದೆ ಬಂತು. ಈ ಸಂಗತಿಯನ್ನು ಹೇಳಿದ ಮೇಲೆ ಅಕ್ಕನ ಮಗ ತನ್ನ ಮ್ಯಾನೇಜರನ್ನು ಹಲಗೆಗಾಗಿ ಕೇಳಿದ್ದಾನೆ. ಕೌಂಟರಿನ ಚಂದ ಕೆಡುತ್ತದೆ ಎಂದರಂತೆ. ಮತ್ತೆ ಕೇಳು ಎಂದು ಹೇಳಿ ಕಳಿಸಿದ್ದೇನೆ.

ನೀವು ಈ ಸಲ ಕರಾವಳಿಗೆ ಬರುವುದಾದರೆ ಕೋಣೆ ಕಾದಿರಿಸುವಾಗ ಎಸಿ, ಈಜುಕೊಳದ ಜತೆ ಇನ್ನೆರಡು ಪ್ರಶ್ನೆ ಕೇಳಿ: ನಾವು ಬರುವ ದಿನ ಉಬ್ಬರ ಎಷ್ಟು ಗಂಟೆಗೆ, ದಡದಲ್ಲಿ ಜೀವರಕ್ಷಕರು ಇದ್ದಾರೆಯೇ? ಎರಡಕ್ಕೂ ತಡವರಿಸದೆ ಉತ್ತರ ಕೊಟ್ಟವರಲ್ಲಿ ಉಳಿಯಿರಿ.